ಮನೆಯಲ್ಲೇ ಕೂತು ಬ್ಲಾಗ್ ಬರೆದು ದುಡ್ಡು: ಎಷ್ಟು ನಿಜ, ಎಷ್ಟು ಮೋಸ? ಇಲ್ಲಿದೆ ಪೂರ್ತಿ ಮಾಹಿತಿ

ಚಿತ್ರದುರ್ಗ: “ಮನೆಯಲ್ಲೇ ಕೂತು ದಿನಕ್ಕೆ ಎರಡು ಗಂಟೆ ಬರೆಯಿರಿ, ತಿಂಗಳಿಗೆ 30 ಸಾವಿರ ಗಳಿಸಿ” ಅನ್ನೋ ಥರದ ಮೆಸೇಜ್ ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಡಿಗ್ರಿ ಮುಗಿಸಿ ಕೆಲಸ ಹುಡುಕ್ತಿರೋರು, ಓದು ಅರ್ಧಕ್ಕೆ ಬಿಟ್ಟೋರು, ಮಕ್ಕಳನ್ನ ಸ್ಕೂಲಿಗೆ ಕಳಿಸಿದ ಮೇಲೆ ಸ್ವಲ್ಪ ಬಿಡುವು ಸಿಗೋ ಗೃಹಿಣಿಯರು ಇಂಥ ಮೆಸೇಜ್ ನೋಡಿ ಒಂದ್ಸಲ ಟ್ರೈ ಮಾಡೋಣ ಅಂದ್ಕೊಳ್ಳೋದು ಸಹಜ.

ಬ್ಲಾಗ್ ಬರೆದರೆ ಹಣ ಬರುತ್ತೆ ಅನ್ನೋದು ಸುಳ್ಳಲ್ಲ. ಆದರೆ ಅದು ನಿಧಾನ, ಮೊದಮೊದಲು ಬಹಳ ಕಡಿಮೆ. ಇನ್ನೊಂದು ಮಾತು ಮೊದಲೇ ತಿಳ್ಕೊಳ್ಳಿ: ಬರವಣಿಗೆ ಕೆಲಸ ಕೊಡೋರು ನಿಮಗೆ ದುಡ್ಡು ಕೊಡಬೇಕು. ಅವರೇ ಮೊದಲು ನಿಮ್ಮ ಹತ್ರ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಹಣ ಬರೋ ದಾರಿ ಯಾವುವು?

1. ಜಾಹೀರಾತು: ನಿಮ್ಮದೇ ಬ್ಲಾಗ್ ಮಾಡಿ ಅದರಲ್ಲಿ ಗೂಗಲ್ ಆಡ್‌ಸೆನ್ಸ್ ಜಾಹೀರಾತು ಹಾಕೋದು. ಇದು 2003ರಲ್ಲಿ ಶುರುವಾದ ವ್ಯವಸ್ಥೆ. ಜಾಹೀರಾತುದಾರರು ಕೊಡೋ ಹಣದಲ್ಲಿ ಬ್ಲಾಗ್‌ನವರಿಗೆ ಸುಮಾರು ಶೇ 68ರಷ್ಟು ಸಿಗುತ್ತೆ, ಉಳಿದದ್ದು ಗೂಗಲ್‌ಗೆ.

2. ಬೇರೆಯವರಿಗೆ ಬರೆದುಕೊಡೋದು: ವೆಬ್‌ಸೈಟ್, ಆ್ಯಪ್, ಏಜೆನ್ಸಿಗಳಿಗೆ ಲೇಖನ ಅಥವಾ ಅನುವಾದ ಮಾಡಿಕೊಟ್ಟು ಪದಕ್ಕೆ ಇಷ್ಟು, ಲೇಖನಕ್ಕೆ ಇಷ್ಟು ಅಂತ ಹಣ ತಗೊಳ್ಳೋದು. ಹೆಸರು ಬರಲ್ಲ, ಆದರೆ ಹಣ ಬೇಗ ಕೈಗೆ ಬರೋದು ಇದರಲ್ಲೇ.

3. ಪ್ರಾಯೋಜಿತ ಬರಹ: ನಿಮ್ಮ ಬ್ಲಾಗ್‌ಗೆ ಓದುಗರು ಬಂದ ಮೇಲೆ ಅಂಗಡಿ, ಕಂಪನಿಯವರು ದುಡ್ಡು ಕೊಟ್ಟು ತಮ್ಮ ಬಗ್ಗೆ ಬರೆಸೋದು.

4. ಓದುಗರಿಂದ ಬರೋ ಹಣ: 2014ರಲ್ಲಿ ಬೆಂಗಳೂರಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪ್‌ನಲ್ಲಿ ಕನ್ನಡ ಕತೆ, ಧಾರಾವಾಹಿ ಬರೆಯಬಹುದು. ಓದುಗರು ಹಣ ಕೊಟ್ಟು ಓದುವ ವ್ಯವಸ್ಥೆ ಅಲ್ಲಿದೆ, ಅದರಲ್ಲಿ ಬರೆಯೋರಿಗೆ ಪಾಲು.

ಕನ್ನಡದಲ್ಲಿ ಬರೆದರೆ ಹಣ ಬರುತ್ತಾ?

ಬರುತ್ತೆ. ಆದರೆ ಈ ಬಾಗಿಲು ತೆರೆದಿದ್ದು ತಡವಾಗಿ. 2005ರಲ್ಲಿ ಶುರುವಾದ ‘ಸಂಪದ’ದ ಕಾಲದಲ್ಲೇ ಕನ್ನಡದಲ್ಲಿ ಬ್ಲಾಗ್ ಬರೆಯೋರು ಸಾಕಷ್ಟು ಜನ ಇದ್ದರು. ಅವರು ಬರೆದಿದ್ದು ಭಾಷೆ ಮೇಲಿನ ಪ್ರೀತಿಗೆ. ಆಡ್‌ಸೆನ್ಸ್ ಭಾರತೀಯ ಭಾಷೆಗಳಲ್ಲಿ ಮೊದಲು ಒಪ್ಪಿದ್ದು ಹಿಂದಿಯನ್ನ, ಅದೂ 2014ರ ಕೊನೆಗೆ. 2017ರಲ್ಲಿ ಬಂಗಾಳಿ, 2018ರಲ್ಲಿ ತಮಿಳು, ತೆಲುಗು ಬಂದವು. ಕನ್ನಡ ಆಮೇಲೆ ಸೇರಿತು. ಹಾಗಾಗಿ ಕನ್ನಡ ಬ್ಲಾಗ್‌ಗೆ ಜಾಹೀರಾತು ಸಿಗಲ್ಲ ಅಂತ ಹಳೇ ವಿಡಿಯೋದಲ್ಲಿ ಹೇಳಿದ್ದನ್ನ ಈಗ ನಂಬಬೇಡಿ. ಇಂಗ್ಲಿಷ್ ಬರಹಕ್ಕೆ ಸಿಗೋ ದರ ಕನ್ನಡಕ್ಕೆ ಸಿಗುತ್ತೆ ಅಂತಲೂ ನಂಬಬೇಡಿ.

ಲೆಕ್ಕ ಹಾಕಿ ನೋಡಿ

ಆಡ್‌ಸೆನ್ಸ್‌ನಲ್ಲಿ ನಿಮ್ಮ ಖಾತೆಯಲ್ಲಿ 100 ಡಾಲರ್ ಆಗೋವರೆಗೆ ಹಣ ಬ್ಯಾಂಕಿಗೆ ಬರಲ್ಲ. ಸಾವಿರ ಸಲ ಪುಟ ನೋಡಿದರೆ ಅರ್ಧ ಡಾಲರ್ ಅಂತ ಲೆಕ್ಕಕ್ಕೆ ಇಟ್ಕೊಳ್ಳಿ. ಆಗ 100 ಡಾಲರ್ ಆಗಬೇಕಾದರೆ 2 ಲಕ್ಷ ಸಲ ನಿಮ್ಮ ಪುಟಗಳನ್ನ ಜನ ನೋಡಬೇಕು. ದಿನಕ್ಕೆ 500 ಸಲ ನೋಡಿದರೆ 400 ದಿನ, ಅಂದರೆ ಒಂದು ವರ್ಷದ ಮೇಲೆ ಒಂದು ತಿಂಗಳು. ದರ ಹೆಚ್ಚಿದ್ದರೆ ಬೇಗ, ಕಡಿಮೆ ಇದ್ದರೆ ಇನ್ನೂ ತಡ.

ಬೇರೆಯವರಿಗೆ ಬರೆದುಕೊಡೋದರ ಲೆಕ್ಕವನ್ನೂ ಹೀಗೇ ಹಾಕಬೇಕು. ಪದಕ್ಕೆ 30 ಪೈಸೆ ಅಂತ ಒಪ್ಪಿಕೊಂಡ್ರಿ ಅನ್ನಿ. ಸಾವಿರ ಪದಕ್ಕೆ 300 ರೂಪಾಯಿ. ಓದಿ, ಬರೆದು, ತಿದ್ದೋಕೆ ಇಡೀ ದಿನ ಹಿಡಿದರೆ ಆ ದಿನದ ದುಡಿಮೆ ಅಷ್ಟೇ. 2025-26ಕ್ಕೆ ಕರ್ನಾಟಕದಲ್ಲಿ ನಿಗದಿಯಾಗಿದ್ದ ನರೇಗಾ ಕೂಲಿಯೇ ದಿನಕ್ಕೆ 370 ರೂಪಾಯಿ. ಅದಕ್ಕೇ ದರ ಒಪ್ಪೋ ಮೊದಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ಒಂದು ಲೇಖನ ಬರೆದು ನೋಡಿ.

ಶುರು ಮಾಡೋಕೆ ಏನು ಬೇಕು?

ಬ್ಲಾಗರ್‌ನಲ್ಲಿ ಬ್ಲಾಗ್ ತೆರೆಯೋದು ಉಚಿತ. ಆಡ್‌ಸೆನ್ಸ್‌ಗೆ ಅರ್ಜಿ ಹಾಕೋದೂ ಉಚಿತ. ಸ್ವಂತ ಹೆಸರಿನ ವಿಳಾಸ ಬೇಕು ಅಂದರೆ ಮಾತ್ರ ವರ್ಷಕ್ಕೆ ಒಂದಿಷ್ಟು ಹಣ ಕಟ್ಟಬೇಕು, ಅದನ್ನ ಆಮೇಲೆ ಕೂಡ ಮಾಡಬಹುದು. 18 ವರ್ಷ ತುಂಬಿರಬೇಕು. ತುಂಬದೇ ಇದ್ದರೆ ಅಪ್ಪ, ಅಮ್ಮ ಅಥವಾ ಪೋಷಕರ ಹೆಸರಲ್ಲಿ ಖಾತೆ ಮಾಡಬೇಕು.

ಲ್ಯಾಪ್‌ಟಾಪ್ ಇಲ್ಲದಿದ್ದರೂ ಮೊಬೈಲ್‌ನಲ್ಲೇ ಶುರು ಮಾಡಬಹುದು. ಡಿಟಿಪಿ ಸೆಂಟರ್‌ನಲ್ಲಿ ಟೈಪಿಂಗ್ ಕಲಿತೋರು ಒಂದು ವಿಷಯ ಗಮನಿಸಿ. ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಬ್ಲಾಗ್‌ಗೆ ಹಾಕಿದರೆ ಓದುಗರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ವೆ, ಗೂಗಲ್‌ನಲ್ಲಿ ಹುಡುಕಿದರೂ ಸಿಗಲ್ಲ. ಯೂನಿಕೋಡ್‌ಗೆ ಬದಲಾಯಿಸಿಯೇ ಹಾಕಬೇಕು. ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಬರೆದರೆ ಈ ತೊಂದರೆ ಇಲ್ಲ, ಅದು ಯೂನಿಕೋಡೇ.

ಏನು ಬರೆಯೋದು?

ಸಿನಿಮಾ ಗಾಸಿಪ್, ಸರ್ಕಾರಿ ಕೆಲಸದ ಮಾಹಿತಿ ಬರೆಯೋ ದೊಡ್ಡ ಸೈಟ್‌ಗಳು ಈಗಾಗಲೇ ಬೇಕಾದಷ್ಟಿವೆ. ಹೊಸಬರಿಗೆ ಅಲ್ಲಿ ಜಾಗ ಸಿಗೋದು ಕಷ್ಟ. ನಿಮಗೆ ಗೊತ್ತಿದ್ದು ಬೆಂಗಳೂರಲ್ಲಿ ಕೂತು ಬರೆಯೋರಿಗೆ ಗೊತ್ತಿಲ್ಲದ ವಿಷಯ ಹಿಡಿಯಿರಿ.

ಹಿರಿಯೂರಿನವರಾದರೆ ವಾಣಿ ವಿಲಾಸ ಸಾಗರವನ್ನೇ ತಗೊಳ್ಳಿ. 130 ಅಡಿ ಮಟ್ಟದ ಈ ಡ್ಯಾಂ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ನೀರಿನ ಮಟ್ಟ ಎಷ್ಟು, ನಾಲೆಗೆ ಯಾವಾಗ ಬಿಡ್ತಾರೆ ಅನ್ನೋದು ರೈತರಿಗೆ ಬೇಕಾದ ಮಾಹಿತಿ. ಹೊಳಲ್ಕೆರೆ, ಭೀಮಸಮುದ್ರ ಕಡೆಯವರಿಗೆ ಅಡಿಕೆ ಬೇಸಾಯ, ಸುಲಿಯೋದು, ಬೇಯಿಸೋದು, ದರ್ಜೆ ಮಾಡೋದು ಗೊತ್ತು. ಹೊಸದುರ್ಗದವರಿಗೆ ತೆಂಗು, ದಾಳಿಂಬೆ ಗೊತ್ತು. ದುರ್ಗದವರು ಕೋಟೆ, ಒನಕೆ ಓಬವ್ವನ ಕಿಂಡಿ, ಚಂದ್ರವಳ್ಳಿಗೆ ಬರೋರಿಗೆ ಬಸ್ಸು, ಊಟ, ಎಷ್ಟು ಹೊತ್ತು ಬೇಕು ಅಂತ ಬರೆಯಬಹುದು.

ಪತ್ರಿಕೆ, ಬೇರೆ ಸೈಟ್‌ನಿಂದ ಕಾಪಿ ಮಾಡಿ ಹಾಕೋದು ಬೇಡ. ಕೃತಿಸ್ವಾಮ್ಯದ ತೊಂದರೆ ಒಂದು ಕಡೆ, ಆಡ್‌ಸೆನ್ಸ್ ಅರ್ಜಿ ತಿರಸ್ಕಾರ ಆಗೋದು ಇನ್ನೊಂದು ಕಡೆ. ಎಐ ಬಳಸಿ ದಿನಕ್ಕೆ ನೂರು ಲೇಖನ ಹಾಕಿ ಅನ್ನೋ ಸಲಹೆಯನ್ನೂ ಕೇಳಬೇಡಿ. ಓದುಗರಿಗೆ ಉಪಯೋಗ ಇಲ್ಲದೆ ರಾಶಿ ರಾಶಿ ಹಾಕಿದ ಪುಟಗಳನ್ನ ಸ್ಪ್ಯಾಮ್ ಅಂತ ಪರಿಗಣಿಸೋ ನಿಯಮವನ್ನ ಗೂಗಲ್ 2024ರ ಮಾರ್ಚ್‌ನಲ್ಲಿ ತಂದಿದೆ.

ಪಿನ್ ಕಾಗದ, ಬ್ಯಾಂಕ್, ತೆರಿಗೆ

ಹಳ್ಳಿಯಲ್ಲಿರೋರು ಎಡವೋ ಜಾಗ ಇದು. ಖಾತೆಯಲ್ಲಿ 10 ಡಾಲರ್ ಆದಾಗ ಗೂಗಲ್ ಒಂದು ಪಿನ್ ನಂಬರನ್ನ ಅಂಚೆಯಲ್ಲಿ ಕಳಿಸುತ್ತೆ. ಬರೋಕೆ ಸಾಮಾನ್ಯವಾಗಿ 2ರಿಂದ 4 ವಾರ. ಮೊದಲ ಪಿನ್ ಕಳಿಸಿದ 4 ತಿಂಗಳೊಳಗೆ ನಂಬರ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತೆ. ವಿಳಾಸದಲ್ಲಿ ಊರು, ಅಂಚೆ ಕಚೇರಿ, ತಾಲ್ಲೂಕು, ಸರಿಯಾದ ಪಿನ್‌ಕೋಡ್ ಇರಲಿ. ನಿಮ್ಮೂರಿನ ಪೋಸ್ಟ್‌ಮ್ಯಾನ್‌ಗೆ ಇಂಥ ಹೆಸರಿಗೆ ಒಂದು ಕಾಗದ ಬರುತ್ತೆ ಅಂತ ಮೊದಲೇ ಹೇಳಿಡಿ. ಬರದೇ ಹೋದರೆ ಮತ್ತೆ ಕೇಳಿಕೊಳ್ಳಬಹುದು.

ಹೆಸರು ಖಾತೆಯಲ್ಲೂ, ಬ್ಯಾಂಕ್ ಪಾಸ್‌ಬುಕ್‌ನಲ್ಲೂ, ಪ್ಯಾನ್ ಕಾರ್ಡ್‌ನಲ್ಲೂ ಒಂದೇ ಥರ ಇರಬೇಕು. ವಿದೇಶದಿಂದ ಹಣ ಬರೋಕೆ ಸ್ವಿಫ್ಟ್ ಕೋಡ್ ಬೇಕು. ಸಣ್ಣ ಊರಿನ ಬ್ರ್ಯಾಂಚ್‌ಗೆ ಅದು ಇಲ್ಲದೇ ಇರಬಹುದು, ಆಗ ಯಾವ ದೊಡ್ಡ ಬ್ರ್ಯಾಂಚ್‌ನ ಕೋಡ್ ಹಾಕಬೇಕು ಅಂತ ಮ್ಯಾನೇಜರ್ ಹತ್ರ ಕೇಳಿ. 100 ಡಾಲರ್ ದಾಟಿದ್ದರೆ ಮುಂದಿನ ತಿಂಗಳು 21ರಿಂದ 26ರೊಳಗೆ ಗೂಗಲ್ ಹಣ ಬಿಡುಗಡೆ ಮಾಡುತ್ತೆ.

ಈ ಆದಾಯ ಸಂಬಳ ಅಲ್ಲ, ಸ್ವಂತ ವೃತ್ತಿ ಅಥವಾ ವ್ಯವಹಾರದ ಆದಾಯ ಅಂತ ತೋರಿಸಬೇಕು. ಬರೆಸಿಕೊಂಡ ಕಂಪನಿ ಟಿಡಿಎಸ್ ಹಿಡಿದಿದ್ದರೆ ಅದು ನಿಮ್ಮ ಪ್ಯಾನ್‌ನಲ್ಲಿ ದಾಖಲಾಗಿದೆಯಾ ನೋಡಿ. ನಿಮ್ಮ ಒಟ್ಟು ಆದಾಯ ತೆರಿಗೆ ಮಿತಿಯೊಳಗೆ ಇದ್ದರೆ ರಿಟರ್ನ್ ಸಲ್ಲಿಸಿ ಆ ಹಣ ವಾಪಸ್ ಪಡೆಯಬಹುದು.

ಇವನ್ನ ಮಾಡಲೇಬೇಡಿ

ನಿಮ್ಮ ಬ್ಲಾಗ್‌ನ ಜಾಹೀರಾತು ನೀವೇ ಒತ್ತಬೇಡಿ. ಫ್ರೆಂಡ್ಸ್ ಗ್ರೂಪ್‌ಗೆ ಹಾಕಿ “ಒಂದೊಂದ್ಸಲ ಕ್ಲಿಕ್ ಮಾಡ್ರಪ್ಪ” ಅಂತಲೂ ಹೇಳಬೇಡಿ. ಖಾತೆ ಬಂದ್ ಆಗುತ್ತೆ, ಕೂಡಿಟ್ಟ ಡಾಲರೂ ಹೋಗುತ್ತೆ.

ದುಡ್ಡು ತಗೊಂಡು ಬರೆದದ್ದನ್ನ ಜಾಹೀರಾತು ಅಂತ ಸ್ಪಷ್ಟವಾಗಿ ಹಾಕಿ. ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲೇ ಈ ಮಾರ್ಗಸೂಚಿ ತಂದಿದೆ. ಸಕ್ಕರೆ ಕಾಯಿಲೆ ಪೂರ್ತಿ ವಾಸಿ ಮಾಡೋ ಔಷಧಿ ಅಂತ ಬರೆಯೋಕೆ ಯಾರಾದರೂ ಹಣ ಕೊಟ್ಟರೆ ಬೇಡ ಅನ್ನಿ, ಅಂಥ ಜಾಹೀರಾತಿನ ವಿರುದ್ಧ 1954ರಿಂದಲೇ ಕಾನೂನು ಇದೆ. ಬೆಟ್ಟಿಂಗ್, ದುಡ್ಡು ಕಟ್ಟಿ ಆಡೋ ಗೇಮ್‌ಗಳ ಪ್ರಚಾರ ಇನ್ನೂ ಅಪಾಯ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಇದರ ಜಾಹೀರಾತಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಸಣ್ಣ ಬ್ಲಾಗ್‌ನವರಿಗೆ ಹುಡುಕಿಕೊಂಡು ಬರೋ ಆಫರ್‌ಗಳಲ್ಲಿ ಇಂಥವೂ ಇರುತ್ವೆ.

ಮೋಸ ಗುರುತಿಸೋದು ಹೇಗೆ?

• ರಿಜಿಸ್ಟ್ರೇಷನ್ ಫೀ, ಟ್ರೈನಿಂಗ್ ಫೀ, ಸಾಫ್ಟ್‌ವೇರ್ ಫೀ, ವಾಪಸ್ ಕೊಡೋ ಡೆಪಾಸಿಟ್ ಅಂತ ಕೇಳೋದು. ಹೆಸರು ಬೇರೆ ಬೇರೆ, ಕೆಲಸ ಒಂದೇ.

• ಟೈಪಿಂಗ್ ಅಥವಾ ಫಾರಂ ತುಂಬೋ ಕೆಲಸ ಕೊಟ್ಟು, ಕೊನೆಗೆ “ತಪ್ಪು ಜಾಸ್ತಿ ಇದೆ, ಅಗ್ರಿಮೆಂಟ್ ಪ್ರಕಾರ ದಂಡ ಕಟ್ಟಿ” ಅನ್ನೋದು. ಆಮೇಲೆ ವಕೀಲರ ಹೆಸರಲ್ಲಿ ನೋಟಿಸ್, ಪೊಲೀಸ್ ಕೇಸ್ ಅಂತ ಹೆದರಿಸೋದು.

• ಟೆಲಿಗ್ರಾಂ ಗ್ರೂಪ್‌ಗೆ ಸೇರಿಸಿ, ಲೈಕ್ ಅಥವಾ ರಿವ್ಯೂ ಕೊಟ್ಟರೆ ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೇ ಹಾಕಿ, ನಂಬಿಕೆ ಬಂದ ಮೇಲೆ ದೊಡ್ಡ ಮೊತ್ತ ಕಟ್ಟಿಸಿಕೊಳ್ಳೋದು.

• ಅಪ್ರೂವ್ ಆಗಿರೋ ಆಡ್‌ಸೆನ್ಸ್ ಖಾತೆ ಮಾರ್ತೀವಿ ಅನ್ನೋದು.

• ನಿಮ್ಮ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಬಾಡಿಗೆಗೆ ಕೇಳೋದು. ಇದರಲ್ಲಿ ಸಿಕ್ಕಿಕೊಂಡರೆ ಮೋಸ ಹೋದೋರಾಗಿ ಅಲ್ಲ, ಆರೋಪಿಯಾಗಿ ಠಾಣೆ ಮೆಟ್ಟಿಲು ಹತ್ತಬೇಕಾಗುತ್ತೆ.

ನಿಜವಾದ ಕೆಲಸ ಕೊಡೋರು ಒಂದು ಸಣ್ಣ ಮಾದರಿ ಲೇಖನ ಕೇಳಬಹುದು. ಹತ್ತು ಲೇಖನ ಪುಕ್ಕಟೆ ಬರೆಸಿಕೊಳ್ಳಲ್ಲ. ದರ, ಹಣ ಕೊಡೋ ದಿನ, ತಿದ್ದುಪಡಿ ಎಷ್ಟು ಸಲ ಅನ್ನೋದನ್ನ ಇಮೇಲ್ ಅಥವಾ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ಮೊದಲ ಎರಡು ಲೇಖನದ ಹಣ ಬಂದ ಮೇಲೆ ಮೂರನೆಯದು ಬರೆಯಿರಿ.

ಈಗಾಗಲೇ ಹಣ ಕಳ್ಕೊಂಡಿದ್ದರೆ

ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಹೋಗದಂತೆ ತಡೆಯೋ ಸಾಧ್ಯತೆ ಹೆಚ್ಚು. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಚಿತ್ರದುರ್ಗದ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಚಾಟ್, ಯುಪಿಐ ರಸೀದಿ, ಅವರ ನಂಬರ್ ಯಾವುದನ್ನೂ ಡಿಲೀಟ್ ಮಾಡಬೇಡಿ.

ನೋಟಿಸ್ ಬಂತು ಅಂತ ಹೆದರಿ ಮತ್ತೆ ದುಡ್ಡು ಹಾಕಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಸಲಹೆ ಸಿಗುತ್ತೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ. ಸಹಾಯವಾಣಿ 15100. ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲಿ ಬೈತಾರೆ ಅಂತ ಸುಮ್ಮನಿದ್ದು, ಮೊದಲು ಕಳ್ಕೊಂಡಿದ್ದಕ್ಕಿಂತ ಹೆಚ್ಚು ಆಮೇಲೆ ಕಟ್ಟೋದು ಈ ಹೆದರಿಕೆಗೇ. ಮನೆಯವರು ಬೈಯೋ ಬದಲು ಮೊದಲು 1930ಕ್ಕೆ ಫೋನ್ ಹಚ್ಚಲಿ.

ಹಾಗಾದರೆ ಶುರು ಮಾಡಬೇಕಾ?

ಇರೋ ಕೆಲಸ, ಓದು ಬಿಟ್ಟು ಇದಕ್ಕೆ ಇಳಿಯಬೇಡಿ. ವಾರಕ್ಕೆ ಎರಡು ಲೇಖನದಂತೆ ಆರು ತಿಂಗಳು ಬರೆದರೆ ಐವತ್ತು ಲೇಖನ ಆಗುತ್ತೆ. ಹಣ ಬರದಿದ್ದರೂ ಬೇರೆಯವರ ಹತ್ರ ಕೆಲಸ ಕೇಳೋವಾಗ ತೋರಿಸೋಕೆ ಅದು ನಿಮ್ಮ ಕೈಯಲ್ಲಿರುತ್ತೆ. ಇಷ್ಟಕ್ಕೂ ಖರ್ಚಾಗೋದು ನಿಮ್ಮ ಸಮಯ ಮತ್ತು ಮೊಬೈಲ್ ಡೇಟಾ ಮಾತ್ರ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ಯಾರಾದರೂ ಕೇಳಿದರೆ ಯಾಕೆ ಅಂತ ಕೇಳಿ.

ಮಾಹಿತಿ ಉಪಯೋಗಕ್ಕೆ ಬರುತ್ತೆ ಅನಿಸಿದರೆ ನಿಮ್ಮೂರಿನ ಗ್ರೂಪ್‌ಗೆ ಶೇರ್ ಮಾಡಿ.