ಆನೆಯಿಲ್ಲದ ನಾಡಿಗೆ ಹೋದ ಗಜ

ಹೋದ ಬೇಸಿಗೆ ರಜೆಯಲ್ಲಿ ದುಬೈಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ನಾಲ್ಕು ವರ್ಷದ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರದ ಪುಸ್ತಕ ತೋರಿಸುತ್ತಿದ್ದೆ. ಆನೆಯ ಚಿತ್ರ ಬಂತು. "ಇದೇನು ಪುಟ್ಟಿ?" ಅಂದೆ. "ಎಲಿಫೆಂಟ್" ಅಂದಳು. "ಕನ್ನಡದಲ್ಲಿ?" ಅಂದರೆ ಮಗು ಅಮ್ಮನ ಮುಖ ನೋಡಿತು. ನನಗೆ ಒಳಗೊಳಗೇ ಕಸಿವಿಸಿಯಾಯಿತು.

ಮಗಳ ಜೊತೆ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಫಿಲಿಪೈನ್ಸ್ ಹುಡುಗಿಯೊಬ್ಬಳು ಅಂದು ಚಹಾಕ್ಕೆ ಬಂದಿದ್ದಳು. "ನಮ್ಮ ತಗಲೊಗ್ ಭಾಷೆಯಲ್ಲಿ ಎಲೆಪಾಂತೆ ಅಂತೀವಿ" ಎಂದಳು. ಅದು ಸ್ಪೇನಿನವರು ಬಿಟ್ಟುಹೋದ ಮಾತು. ನಾನು ಟೀಚರ್ ಎಂದು ತಿಳಿದಾಗ ಅವಳಿಗೆ ಇನ್ನೊಂದು ನೆನಪಾಯಿತು. "ನಮ್ಮಲ್ಲಿ ಟೀಚರಿಗೆ ಗುರೊ ಅಂತ ಹೆಸರು" ಎಂದಳು. ಸಮುದ್ರದಾಚೆಯ ಹುಡುಗಿಯ ಬಾಯಲ್ಲಿ ಗುರು! ಊರಿಗೆ ಬಂದ ಮೇಲೂ ಅದೇ ಗುಂಗು. ಸಿಕ್ಕ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದೆ.

ಸ್ಪೇನಿನವರು ಬರುವ ಮುಂಚೆ ಆ ದ್ವೀಪಗಳಲ್ಲಿ ಆನೆಗೆ ಬೇರೊಂದು ಮಾತಿತ್ತು. ಅದು "ಗದ್ಯ". ನಗಬೇಡಿ, ನಮ್ಮ ಪಾಠಪುಸ್ತಕದ ಗದ್ಯ-ಪದ್ಯದ ಗದ್ಯವಲ್ಲ. ಸಂಸ್ಕೃತದ ಗಜವೇ ಮಲಯ ಭಾಷೆಗೆ ಹೋಗಿ, ಅಲ್ಲಿಂದ ಫಿಲಿಪೈನ್ಸಿಗೆ ದಾಟಿ, ಅಲ್ಲಿಯವರ ನಾಲಿಗೆಗೆ ಒಗ್ಗುವಂತೆ ಗದ್ಯವಾಯಿತು. ಸೋಜಿಗವೆಂದರೆ ಆ ಮಾತು ಹೋದ ಕಾಲಕ್ಕೆ ಅಲ್ಲಿನ ಕಾಡುಗಳಲ್ಲಿ ಆನೆಯೇ ಇರಲಿಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಆನೆಯ ಜಾತಿಯ ಪ್ರಾಣಿಗಳಿದ್ದವು, ಅವುಗಳ ಎಲುಬು ಸಿಕ್ಕಿವೆ. ಆಮೇಲೆ ಅಳಿದುಹೋದವು. ಅಂದರೆ ಜನ ಆನೆಯನ್ನು ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚು. ಹಡಗಿನಲ್ಲಿ ಆನೆ ಬರುವುದು ಕಷ್ಟ, ಮಾತು ಸುಲಭವಾಗಿ ಬರುತ್ತದೆ.

ಹುಲಿಯ ಕಥೆ ಇನ್ನೂ ಚೆಂದ. ಮಲಯದಲ್ಲಿ ಹುಲಿಗೆ ಹರಿಮೌ ಎನ್ನುತ್ತಾರೆ. ಅದೇ ಮಾತು ತಗಲೊಗ್‌ನಲ್ಲಿ ಹಲಿಮೌ ಆಯಿತು, ಅರ್ಥ ಮಾತ್ರ ರಾಕ್ಷಸ, ಭೂತದಂಥ ಮೃಗ! ಕಣ್ಣಿಗೆ ಕಾಣದ ಹುಲಿ ಮನಸ್ಸಿನಲ್ಲಿ ಎಷ್ಟು ಬೇಕಾದರೂ ಬೆಳೆಯುತ್ತದಲ್ಲವೇ?

ಇದೆಲ್ಲ ಬರೀ ಊಹೆಯಲ್ಲ. ಮನಿಲಾ ಹತ್ತಿರದ ಲಗೂನಾ ಪ್ರಾಂತದಲ್ಲಿ 1989ರಲ್ಲಿ ಒಂದು ತಾಮ್ರದ ತಗಡು ಬೆಳಕಿಗೆ ಬಂತು. ಅದರ ಕಾಲ ಶಕ 822, ಅಂದರೆ ಕ್ರಿ.ಶ. 900. ನಮ್ಮ ಶಾಸನಗಳಂತೆಯೇ ಅದೂ "ಸ್ವಸ್ತಿ" ಎಂದು ಶುರುವಾಗುತ್ತದೆ. ವೈಶಾಖ ಮಾಸ, ಕೃಷ್ಣಪಕ್ಷ, ಚತುರ್ಥಿ, ಸೋಮವಾರ ಎಂದು ಪಂಚಾಂಗವೂ ಇದೆ. ವಿಷಯ ರಾಜನ ದಿಗ್ವಿಜಯವಲ್ಲ, ಒಂದು ಮನೆತನದ ಸಾಲ ತೀರಿದ ಪತ್ರ. ಋಣಮುಕ್ತರಾದವರಲ್ಲಿ ಅಂಗ್ಕತನ್ ಎಂಬ ಹೆಣ್ಣುಮಗಳ ಹೆಸರೂ ಇದೆ. ಓದಿದಾಗ ಸಾವಿರ ವರ್ಷದ ಹಿಂದಿನ ಆ ಹೆಂಗಸು ನಿಟ್ಟುಸಿರು ಬಿಟ್ಟದ್ದು ನನಗೇ ಕೇಳಿಸಿದಂತಾಯಿತು.

1565ರಲ್ಲಿ ಸ್ಪೇನಿನವರು ಅಲ್ಲಿ ಬೇರೂರಿದರು, 1898ರವರೆಗೆ ಆಳಿದರು. ಕುದುರೆ ಕಬಾಯೊ ಆಯಿತು, ಹಸು ಬಾಕಾ ಆಯಿತು, ಆನೆ ಎಲೆಪಾಂತೆ ಆಯಿತು. ಗದ್ಯ ದಕ್ಷಿಣದ ಕೆಲವು ಭಾಷೆಗಳಲ್ಲಿ ಉಳಿದುಕೊಂಡಿತು, ತಗಲೊಗ್‌ನಲ್ಲಿ ಹಳೆಯ ನಿಘಂಟು ಸೇರಿತು. ಗುರೊ ಮಾತ್ರ ಉಳಿಯಿತು. 

ಶ್ರೀಲಂಕಾದಿಂದ ಮರಿಯಾಗಿ ಹೋದ ಮಾಲಿ ಎಂಬ ಹೆಣ್ಣಾನೆ ಮನಿಲಾದ ಮೃಗಾಲಯದಲ್ಲಿ ದಶಕಗಳ ಕಾಲ ಒಂಟಿಯಾಗಿ ಬದುಕಿ, 2023ರ ನವೆಂಬರಿನಲ್ಲಿ ತೀರಿಕೊಂಡಿತು. ಅದನ್ನು ನೋಡಲು ಬಂದ ಮಕ್ಕಳಿಗೆ ಅದು ಎಲೆಪಾಂತೆಯೇ. ಅವರನ್ನು ತಪ್ಪೆನ್ನಲಾರೆ. ಅವರ ಕಾಡಿನಲ್ಲಿ ಆನೆಯಿಲ್ಲ, ಅವರಿಗೆ ಆ ಮಾತೂ ಹೊರಗಿನದು, ಈ ಮಾತೂ ಹೊರಗಿನದು.

ಆದರೆ ನಮಗೆ? ನಾಗರಹೊಳೆಯಲ್ಲಿ ಹಿಂಡು ಹಿಂಡಾಗಿ ಆನೆಗಳಿವೆ. ದಸರೆಯಲ್ಲಿ ಅಂಬಾರಿ ಹೊರುತ್ತವೆ. ಆದರೂ ಮಾತು ನಮ್ಮ ಮನೆಯಿಂದಲೇ ಜಾರುತ್ತಿದೆ. ಇಲ್ಲಿ ಯಾವ ದೊರೆಯ ಬಲವಂತವೂ ಇಲ್ಲ. ಮಗಳನ್ನು ಚಿಕ್ಕಂದಿನಲ್ಲಿ ಇಂಗ್ಲಿಷ್ ಮೀಡಿಯಂಗೆ ಸೇರಿಸಿ, "ಎ ಫಾರ್ ಆಪಲ್, ಇ ಫಾರ್ ಎಲಿಫೆಂಟ್" ಎಂದು ಕೂತು ಕಲಿಸಿದ ಕನ್ನಡ ಟೀಚರ್ ನಾನೇ ಅಲ್ಲವೇ?

ಈಗ ಪ್ರತಿ ಭಾನುವಾರ ಫೋನಿನಲ್ಲಿ ಮೊಮ್ಮಗಳಿಗೆ ಕಥೆ ಹೇಳುತ್ತೇನೆ. ಕಥೆಯಲ್ಲಿ ಒಂದು ಆನೆ ಇದ್ದೇ ಇರುತ್ತದೆ. ಹೋದ ವಾರ ಮಗು, "ಅಜ್ಜೀ, ಇವತ್ತು ಆನೆ ಎಲ್ಲಿಗೆ ಹೋಯ್ತು?" ಎಂದು ಕೇಳಿತು. ಎಲ್ಲಿಗೆ ಹೋಯಿತೆಂದು ನಾನಿನ್ನೂ ಯೋಚಿಸಿರಲಿಲ್ಲ. ಮನೆಯಲ್ಲೇ ಇದೆ ಮಗೂ, ಅಂದೆ.