ಸಗಣಿ ನೆಲದಿಂದ ಕೆಂಪು ಸಿಮೆಂಟಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳೆಯ ಮನೆಗಳಲ್ಲಿ ನೆಲವೆಂದರೆ ಮಣ್ಣು. ಕುಟ್ಟಿ ಗಟ್ಟಿಯಾಗಿಸಿದ ಮಣ್ಣಿನ ಮೇಲೆ ಸಗಣಿ, ಅದಕ್ಕಿಷ್ಟು ಇದ್ದಿಲ ಮಸಿ. ಅಡಕೆ ಹಾಳೆಯ ತುಂಡಿನಿಂದ ಬಳಿದರೆ ನೆಲ ಕಪ್ಪಗೆ ನುಣುಪಾಗುತ್ತಿತ್ತು. ಸಾರಿಸಿದ ದಿನ ಧೂಳು ಅಡಗುತ್ತಿತ್ತು, ನಿಜ. ನಾಲ್ಕು ದಿನ ಓಡಾಡಿದರೆ ಪದರ ಎದ್ದು ಪುಡಿಯಾಗುತ್ತಿತ್ತು. ಕಸಬರಿಗೆ ಆಡಿಸಿದಾಗ ಆ ಪುಡಿ ದಮ್ಮಿನವರ ಎದೆ ಸೇರುತ್ತಿತ್ತು.

ಆಮೇಲೆ ಬಂದದ್ದು ಕೆಂಪು ನೆಲ. ಸಿಮೆಂಟಿಗೆ ರೆಡ್ ಆಕ್ಸೈಡ್ ಬೆರೆಸಿ, ಕರಣೆಯಿಂದ ತಿಕ್ಕಿ ತಿಕ್ಕಿ ಹೊಳಪು ತರುವುದು ಗಾರೆಯವರ ಕೈಚಳಕ. ಟೈಲ್ಸಿನಂತೆ ಸಾಲು ಸಾಲು ಸಂದುಗಳಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಧೂಳು ಏಳದು. ಉಬ್ಬಸದವರಿಗೆ ಇದು ದೊಡ್ಡ ಉಪಕಾರ.

ಆದರೂ ಜೂನ್ ಬಂತೆಂದರೆ ಮನೆಯೆಲ್ಲ ತೇವ, ಬೂಷ್ಟು; ಉಬ್ಬಸದವರಿಗೆ ಮತ್ತೆ ತೊಂದರೆ. 1960ರ ದಶಕದಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವೂರ್‌ಹಾರ್ಸ್ಟ್, ಸ್ಪೀಕ್ಸ್‌ಮಾ ಎಂಬ ಸಂಶೋಧಕರು ಮತ್ತವರ ಸಂಗಡಿಗರು, ಮನೆಧೂಳಿನ ಅಲರ್ಜಿಗೆ ಮುಖ್ಯ ಕಾರಣ ಕಣ್ಣಿಗೆ ಕಾಣದ ಧೂಳುನುಸಿ ಎಂದು ತೋರಿಸಿದರು. ತೇವದ ಗಾಳಿಯಲ್ಲಿ ಅದು ಹೆಚ್ಚುತ್ತದೆ. ನುಣುಪು ನೆಲದಲ್ಲಿ ಅದಕ್ಕೆ ಜಾಗ ಕಡಿಮೆ, ಹಾಸಿಗೆ, ಕಂಬಳಿ, ಜಮಖಾನದಲ್ಲಿ ಧಾರಾಳ.

ಈಗ ಕೆಂಪು ನೆಲ ಒಡೆದು ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಹಾಕಿಸುವವರಿದ್ದಾರೆ. ಒರೆಸಲು ಅವೂ ಸುಲಭವೇ. ಅವುಗಳ ಮೇಲೆ ದಪ್ಪ ಕಾರ್ಪೆಟ್ ಹಾಸಿದರೆ ಮಾತ್ರ ನುಸಿಗೆ ಮತ್ತೆ ಮನೆ ಕಟ್ಟಿಕೊಟ್ಟಂತೆ.