ಕಾಗದದ ನೆಗೆಟಿವ್‌ನಲ್ಲಿ ಉಳಿದ ಲಕ್ಕುಂಡಿ, ಡಂಬಳ

ಇಂದು ಲಕ್ಕುಂಡಿಯ ಕಾಶಿ ವಿಶ್ವನಾಥ ದೇಗುಲದ ಮುಂದೆ ನಿಂತವರು ಕ್ಷಣಾರ್ಧದಲ್ಲಿ ಚಿತ್ರ ತೆಗೆದುಕೊಳ್ಳುತ್ತಾರೆ. 1850ರ ದಶಕದಲ್ಲಿ ಅದು ಇಷ್ಟು ಸುಲಭವಿರಲಿಲ್ಲ.

1855ರಲ್ಲಿ ಕಂಪನಿ ಸರಕಾರವು ಮುಂಬಯಿ ಪ್ರಾಂತದ ಸ್ಮಾರಕಗಳ ಛಾಯಾಗ್ರಹಣಕ್ಕೆ ಸೇನಾಧಿಕಾರಿ ಥಾಮಸ್ ಬಿಗ್ಸ್‌ರನ್ನು ನೇಮಿಸಿತು. ವರ್ಷಾಂತ್ಯಕ್ಕೆ ಅವರು ಸೇನೆಗೆ ಮರಳಿದಾಗ ಆ ಕೆಲಸ ವೈದ್ಯ ಪಿಗೌ ಅವರ ಪಾಲಿಗೆ ಬಂತು. ಗದಗ, ಲಕ್ಕುಂಡಿ, ಡಂಬಳಗಳ ಚಾಲುಕ್ಯ ಶಿಲ್ಪ ಹೀಗೆ ಕ್ಯಾಮರಾದಲ್ಲಿ ಸೆರೆಯಾಯಿತು.

ಬೆಳ್ಳಿಯ ಲವಣ ಲೇಪಿಸಿದ ಕಾಗದವೇ ಅಂದಿನ ನೆಗೆಟಿವ್. ಅದನ್ನು ಬಹಳ ಹೊತ್ತು ಬೆಳಕಿಗೆ ಒಡ್ಡಬೇಕಿತ್ತು. ಅಲುಗಾಡಿದ ಮನುಷ್ಯ ಮಸುಕಾಗುತ್ತಿದ್ದ. ಕದಲದ ಕಲ್ಲು ಮಾತ್ರ ಮೂಡುತ್ತಿತ್ತು.

1866ರಲ್ಲಿ ಲಂಡನ್ನಿನಲ್ಲಿ ಹೊರಬಂದ ಗ್ರಂಥದಲ್ಲಿ ಈ ಚಿತ್ರಗಳಿಗೆ ಮೆಡೋಸ್ ಟೇಲರ್ ಇತಿಹಾಸವನ್ನೂ ಜೇಮ್ಸ್ ಫರ್ಗ್ಯುಸನ್ ವಾಸ್ತು ವಿವರಣೆಯನ್ನೂ ಬರೆದರು. ಗದಗ ಆಗ ಧಾರವಾಡ ಜಿಲ್ಲೆಯಲ್ಲಿದ್ದುದರಿಂದ ಗ್ರಂಥದ ಹೆಸರಿನಲ್ಲಿ ಕಾಣುವುದು ಧಾರವಾಡ ಮತ್ತು ಮೈಸೂರು.

ಈ ಚಿತ್ರಗಳ ಬೆಲೆ ಇರುವುದು ಹಳಮೆಯಲ್ಲಷ್ಟೇ ಅಲ್ಲ. ಇಲ್ಲಿನ ದೇಗುಲಗಳದು ಮೆದು ಬಳಪದ ಕಲ್ಲು. ಕುಸುರಿ ಕೆತ್ತನೆಗೆ ಒದಗಿದ ಆ ಮೆದುತನವೇ ಸವೆತಕ್ಕೂ ದಾರಿ. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ಗೋಡೆಯಲ್ಲಿ ಮುಕ್ಕಾದ ಮೂಲೆ ಮೊದಲು ಹೇಗಿತ್ತು? ದುರಸ್ತಿಗೆ ಕೈಹಾಕುವವರು ಊಹಿಸುವ ಬದಲು ಹಳೆಯ ಚಿತ್ರವನ್ನೇ ಕೇಳಬಹುದು.